ಹಳೆಯ ಸುಬಾರು: ಇಂಜಿನ್ ಇಳಿಸಿ, ರಿಪೇರಿ ಮಾಡಿ, ಮತ್ತೆ ಕೂರಿಸುವ ಕ್ರಮ

1990ರಿಂದ 2011ರವರೆಗೆ ಅಮೆರಿಕದಲ್ಲಿ ಮಾರಾಟವಾದ ಸುಬಾರು ಲೆಗಸಿ, ಔಟ್‌ಬ್ಯಾಕ್, ಇಂಪ್ರೆಜಾ, ಫಾರೆಸ್ಟರ್ ಕಾರುಗಳಲ್ಲಿ ಬಹುಪಾಲಿನವು ಇಜೆ ಸರಣಿಯ ಇಂಜಿನ್ ಮೇಲೆ ಓಡುತ್ತವೆ. ಎರಡು ಸಿಲಿಂಡರ್ ಎಡಕ್ಕೆ, ಎರಡು ಬಲಕ್ಕೆ ಮಲಗಿರುವ ಬಾಕ್ಸರ್ ವಿನ್ಯಾಸ ಇದು. ಗೇರ್‌ಬಾಕ್ಸ್ ಮತ್ತು ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ವ್ಯವಸ್ಥೆ ಇನ್ನೂ ಗಟ್ಟಿಮುಟ್ಟಾಗಿರುವಾಗಲೇ ಇಂಜಿನ್ ಕೈಕೊಡುವುದು ಈ ಕಾರುಗಳ ದೊಡ್ಡ ತಲೆನೋವು. ಹಾಗಾಗಿ ಇಂಜಿನ್ ಇಳಿಸುವ ಕೆಲಸ ಗೊತ್ತಿದ್ದರೆ ಹಳೆಯ ಸುಬಾರುವಿಗೆ ಇನ್ನೂ ಹತ್ತು ವರ್ಷ ಆಯಸ್ಸು ಕೊಡಬಹುದು. ಹಿಮ ಬೀಳುವ ರಾಜ್ಯಗಳಲ್ಲಿ ನೆಲೆಸಿ ಇಂಥ ಕಾರು ಇಟ್ಟುಕೊಂಡಿರುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇಲ್ಲಿಯವರಿಗೂ ಅಷ್ಟೇ: 2000ರ ದಶಕದ ಮಧ್ಯದಲ್ಲಿ ಭಾರತದಲ್ಲಿ ಷೆವರ್ಲೆ ಫಾರೆಸ್ಟರ್ ಎಂದು ಮಾರಾಟವಾದ ಗಾಡಿ ಸುಬಾರುವೇ, ಅದರೊಳಗಿದ್ದದ್ದೂ ಇದೇ ಕುಟುಂಬದ 2 ಲೀಟರ್ ಇಂಜಿನ್.

ಮೊದಲು ಕಾಯಿಲೆ ಗುರುತಿಸಿ

ಹೆಡ್ ಗ್ಯಾಸ್ಕೆಟ್ ಎಂದರೆ ಇಂಜಿನ್ ಬ್ಲಾಕ್ ಮತ್ತು ಅದಕ್ಕೆ ಸೇರುವ ಸಿಲಿಂಡರ್ ಹೆಡ್ ನಡುವೆ ಸೋರದಂತೆ ಇಡುವ ಹಾಳೆ. ಎಲ್ಲವೂ ಒಂದೇ ರೀತಿ ಹೋಗುವುದಿಲ್ಲ. 1996ರಿಂದ 1999ರವರೆಗಿನ 2.5 ಲೀಟರ್, ಡಬಲ್ ಕ್ಯಾಮ್ (ಒಂದೊಂದು ಹೆಡ್‌ನಲ್ಲಿ ವಾಲ್ವ್ ತೆರೆಯುವ ಎರಡು ಕ್ಯಾಮ್‌ಶಾಫ್ಟ್ ಇರುವ) ಇಜೆ25ಡಿಯಲ್ಲಿ ಸೋರಿಕೆ ಒಳಗೊಳಗೇ ಆಗುತ್ತದೆ. ಸಿಲಿಂಡರಿನ ಉರಿಗಾಳಿ ಕೂಲೆಂಟ್‌ಗೆ ನುಗ್ಗುತ್ತದೆ. ಊರೊಳಗೆ ಏನೂ ತೊಂದರೆ ಕಾಣುವುದಿಲ್ಲ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ, ಓವರ್‌ಫ್ಲೋ ಡಬ್ಬಿಯಲ್ಲಿ ಗುಳ್ಳೆ ಏಳುತ್ತದೆ, ಹೀಟರ್ ತಣ್ಣನೆಯ ಗಾಳಿ ಬಿಡುತ್ತದೆ. ಖಚಿತ ಮಾಡಿಕೊಳ್ಳಲು ರೇಡಿಯೇಟರ್ ಬಾಯಿಗೆ ಇಡುವ ನೀಲಿ ದ್ರವದ ಪರೀಕ್ಷಾ ಕಿಟ್ ಸಿಗುತ್ತದೆ. ನೀಲಿ ಹಳದಿಗೆ ತಿರುಗಿದರೆ ಅನುಮಾನ ಉಳಿಯುವುದಿಲ್ಲ.

ಆಮೇಲೆ ಬಂದ ಸಿಂಗಲ್ ಕ್ಯಾಮ್ ಇಜೆ251, ಇಜೆ253 ಇಂಜಿನ್‌ಗಳು ಹೊರಕ್ಕೆ ಸೋರುತ್ತವೆ. ಇಂಜಿನ್ ಮಲಗಿರುವುದರಿಂದ ಆಯಿಲ್ ಮತ್ತು ಕೂಲೆಂಟ್ ಎರಡೂ ಗ್ಯಾಸ್ಕೆಟಿನ ಕೆಳ ಅಂಚಿನಲ್ಲೇ ನಿಲ್ಲುತ್ತವೆ. ಹಳೆಯ ಬಗೆಯ ಗ್ರಾಫೈಟ್ ಲೇಪದ ಗ್ಯಾಸ್ಕೆಟ್ ಅಲ್ಲಿಂದಲೇ ಕೊಳೆಯಲು ಶುರು. ಹೆಡ್ ಮತ್ತು ಬ್ಲಾಕ್ ಸೇರುವ ಕಡೆ, ಕೆಳಭಾಗದ ಹಿಂಬದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಬರೀ ಜಿನುಗು ಇದ್ದು ಇಂಜಿನ್ ಬಿಸಿಯಾಗದಿದ್ದರೆ ತಕ್ಷಣ ಬಿಚ್ಚಬೇಕಾಗಿಲ್ಲ. ಕೂಲೆಂಟ್ ಮಟ್ಟದ ಮೇಲೆ ಕಣ್ಣಿಟ್ಟು ಓಡಿಸಬಹುದು. ಈ ದೂರಿಗಾಗಿ ಕಂಪನಿ 1999ರಿಂದ 2002ರವರೆಗಿನ ಕೆಲವು ಮಾದರಿಗಳಿಗೆ ಕೂಲೆಂಟ್ ಕಂಡಿಷನರ್ (ಸೋರಿಕೆ ತಡೆಯಲು ಕೂಲೆಂಟ್‌ಗೆ ಸೇರಿಸುವ ದ್ರವ) ಹಾಕಿಸಿಕೊಳ್ಳಲು ಹೇಳಿತ್ತು, ಹೆಡ್ ಗ್ಯಾಸ್ಕೆಟ್ ವಾರಂಟಿಯನ್ನು 8 ವರ್ಷ ಅಥವಾ 1 ಲಕ್ಷ ಮೈಲಿಗೆ ವಿಸ್ತರಿಸಿತ್ತು.

ಇನ್ನೊಂದು ಪರೀಕ್ಷೆ ಕಿವಿಯದು. ಬೆಳಗಿನ ತಣ್ಣನೆಯ ಸ್ಟಾರ್ಟ್‌ನಲ್ಲಿ ಟಕಟಕ ಬಂದು, ಬಿಸಿಯಾದ ಮೇಲೆ ನಿಂತರೆ ಅದು ಪಿಸ್ಟನ್ ಸಡಿಲದ ಸದ್ದು. 2.5 ಲೀಟರ್ ಇಂಜಿನ್‌ಗಳಲ್ಲಿ ಇದು ಮಾಮೂಲು. ಬಿಸಿಯಾದ ಮೇಲೂ ಉಳಿದು, ಆಕ್ಸಿಲರೇಟರ್ ಒತ್ತಿದಂತೆ ಜೋರಾಗಿ, ಯಾವುದೋ ಒಂದು ಪ್ಲಗ್ಗಿನ ವೈರ್ ತೆಗೆದಾಗ ಕಮ್ಮಿಯಾದರೆ ಆ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ. ಆಗ ಗ್ಯಾಸ್ಕೆಟ್ ಮಾತು ಬಿಟ್ಟುಬಿಡಿ.

ಗ್ಯಾಸ್ಕೆಟ್ ಸಾಕೇ, ಇಂಜಿನ್ನೇ ಬೇಕೇ?

ಮುಳ್ಳು ಕೆಂಪು ಗೆರೆ ಮುಟ್ಟಿದ ಮೇಲೂ ಮತ್ತೆ ಮತ್ತೆ ಓಡಿಸಿದ ಇಂಜಿನ್‌ಗೆ ಹೊಸ ಗ್ಯಾಸ್ಕೆಟ್ ಹಾಕುವುದು ದುಡ್ಡು ದಂಡ. ಹೆಡ್ ಸರಿಹೋಗುತ್ತದೆ, ಆದರೆ ಅತಿ ಬಿಸಿಗೆ ಆಯಿಲ್ ತೆಳುವಾಗಿ ಬೇರಿಂಗ್‌ಗಳು ಆಗಲೇ ಸವೆದಿರುತ್ತವೆ, ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಕೆಳಭಾಗ ಬಡಿಯತೊಡಗುತ್ತದೆ. ಆಯಿಲ್ ಫಿಲ್ಟರ್ ಕತ್ತರಿಸಿ ಅದರ ಕಾಗದವನ್ನು ಬಿಸಿಲಿಗೆ ಹಿಡಿದು ಬಿಡಿಸಿ. ಮಿನುಗುವ ಲೋಹದ ಪುಡಿ ಕಂಡರೆ ಬೇರೆ ಇಂಜಿನ್ ಹುಡುಕುವುದೇ ಜಾಣತನ.

ಬೇರೆ ಇಂಜಿನ್ ಎಂದರೆ ಯಾವುದು? 1996ರಿಂದ 1998ರವರೆಗಿನ ಇಜೆ25ಡಿ ಕಾರುಗಳಿಗೆ ಅದೇ ಇಂಜಿನ್ ಮತ್ತೆ ಹಾಕುವುದಕ್ಕಿಂತ 2.2 ಲೀಟರ್ ಇಜೆ22 ಹಾಕುವುದು ಒಳ್ಳೆಯದು. ಅದರ ಬೋರ್ (ಸಿಲಿಂಡರಿನ ವ್ಯಾಸ) 96.9 ಮಿ.ಮೀ., 2.5ರದ್ದು 99.5 ಮಿ.ಮೀ. ಸಿಲಿಂಡರ್‌ಗಳ ನಡುವಿನ ಅಂತರ ಎರಡರಲ್ಲೂ ಒಂದೇ ಆದ್ದರಿಂದ ಬೋರ್ ಚಿಕ್ಕದಾದಷ್ಟೂ ಗ್ಯಾಸ್ಕೆಟ್ ಕೂರಲು ಅಗಲವಾದ ಜಾಗ ಸಿಗುತ್ತದೆ. ಇಜೆ22 ಗಟ್ಟಿ ಎಂಬ ಹೆಸರಿಗೆ ಇದೂ ಒಂದು ಕಾರಣ. ಎಳೆತ ಸ್ವಲ್ಪ ಕಡಿಮೆ, ನೆಮ್ಮದಿ ಬಹಳ ಹೆಚ್ಚು. 1996ರವರೆಗಿನ ಇಜೆ22ರಲ್ಲಿ ಟೈಮಿಂಗ್ ಬೆಲ್ಟ್ (ಕ್ರ್ಯಾಂಕ್‌ಶಾಫ್ಟಿನಿಂದ ಕ್ಯಾಮ್‌ಶಾಫ್ಟ್ ತಿರುಗಿಸುವ ಬೆಲ್ಟ್) ತುಂಡಾದರೂ ವಾಲ್ವ್ ಬಾಗುವುದಿಲ್ಲ, 1997ರಿಂದಾಚೆಗಿನದರಲ್ಲಿ ಬಾಗುತ್ತದೆ.

ಕೊಳ್ಳುವಾಗ ನೋಡಬೇಕಾದ್ದು ಸೈಲೆನ್ಸರ್ ಕಡೆಯ ಪೋರ್ಟ್. 1995ರವರೆಗಿನ ಇಜೆ22ಕ್ಕೆ ಒಂದೊಂದು ಹೆಡ್‌ನಲ್ಲಿ ಎರಡು ಪೋರ್ಟ್, ಹಾಗಾಗಿ 2.5ರ ಪೈಪೇ ಕೂರುತ್ತದೆ. 1996ರಿಂದ ಒಂದೇ ಪೋರ್ಟ್; ಅದರ ಜತೆ ಅದೇ ಕಾರಿನ ಮುಂದಿನ ಎಕ್ಸಾಸ್ಟ್ ಪೈಪನ್ನೂ ತರಬೇಕು. ನಿಮ್ಮ ಕಾರಿನಲ್ಲಿ ಇಜಿಆರ್ (ಸುಟ್ಟ ಗಾಳಿಯ ಸ್ವಲ್ಪ ಭಾಗವನ್ನು ಮತ್ತೆ ಇಂಜಿನ್‌ಗೆ ಕಳಿಸುವ ವ್ಯವಸ್ಥೆ) ಇದ್ದರೆ ತರುವ ಇಂಜಿನ್‌ನಲ್ಲೂ ಇರಬೇಕು, ಇಲ್ಲವಾದರೆ ಚೆಕ್ ಇಂಜಿನ್ ದೀಪ ಆರುವುದೇ ಇಲ್ಲ. ಆಟೋಮ್ಯಾಟಿಕ್ ಕಾರಿನಿಂದ ಇಳಿಸಿದ ಇಜೆ22ರಲ್ಲಿ ಇದು ಇರುವ ಸಾಧ್ಯತೆ ಹೆಚ್ಚು. ಆದರೂ ಕಣ್ಣಾರೆ ನೋಡಿಯೇ ದುಡ್ಡು ಕೊಡಿ.

ಅದೇ ಮಾದರಿಯ ಇಂಜಿನ್ ಹಾಕುವವರು, ಮುಖ್ಯವಾಗಿ ಜಪಾನಿನಿಂದ ಬಂದ ಹಳೆ ಇಂಜಿನ್ ಕೊಳ್ಳುವವರು, ತಮ್ಮ ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡನ್ನು ವೈರಿಂಗ್, ಇಂಜೆಕ್ಟರ್, ಸೆನ್ಸರ್ ಸಮೇತ ಎತ್ತಿ ಅದರ ಮೇಲೆ ಕೂರಿಸಬೇಕು. ಕ್ರ್ಯಾಂಕ್ ಮತ್ತು ಕ್ಯಾಮ್ ಸ್ಪ್ರಾಕೆಟ್‌ಗಳ ಹಿಂದಿನ ಸಂಜ್ಞೆಯ ಹಲ್ಲುಗಳನ್ನು ಹಳೆಯದರ ಪಕ್ಕದಲ್ಲಿಟ್ಟು ಎಣಿಸಿ. ಒಂದು ಹಲ್ಲು ಹೆಚ್ಚುಕಡಿಮೆ ಇದ್ದರೂ ಕಂಪ್ಯೂಟರ್‌ಗೆ ಇಂಜಿನ್ ಎಲ್ಲಿ ತಿರುಗುತ್ತಿದೆ ಎಂಬುದೇ ತಿಳಿಯುವುದಿಲ್ಲ.

ಇಳಿಸುವುದು

ಒಂದು ಟನ್ ಎತ್ತಬಲ್ಲ ಹಾಯ್ಸ್ಟ್ (ಇಂಜಿನ್ ಎತ್ತುವ ಕ್ರೇನ್), ಗೇರ್‌ಬಾಕ್ಸ್ ಕೆಳಗಿಡಲು ಟ್ರಾಲಿ ಜಾಕ್, ಟಾರ್ಕ್ ರೆಂಚ್, 10ರಿಂದ 22 ಮಿ.ಮೀ.ವರೆಗಿನ ಸಾಕೆಟ್‌ಗಳು, ಉದ್ದನೆಯ ಎಕ್ಸ್‌ಟೆನ್ಷನ್ ಬೇಕು. ಇಬ್ಬರು ಇರಬೇಕು.

1. ಫ್ಯುಯಲ್ ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆದು ಇಂಜಿನ್ ಚಾಲೂ ಮಾಡಿ, ತಾನಾಗಿ ನಿಲ್ಲುವವರೆಗೆ ಬಿಡಿ. ಲೈನಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿ ಬಿಚ್ಚಿ.

2. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್ ಇಳಿಸಿ, ಫ್ಯಾನ್ ಸಮೇತ ರೇಡಿಯೇಟರ್ ಹೊರತೆಗೆಯಿರಿ. ಮುಂದೆ ಸಿಗುವ ಆ ಜಾಗ ಎಲ್ಲಕ್ಕೂ ಬೇಕು.

3. ಎ.ಸಿ. ಕಂಪ್ರೆಸರ್ ಮತ್ತು ಪವರ್ ಸ್ಟಿಯರಿಂಗ್ ಪಂಪನ್ನು ಹೋಸ್ ಬಿಚ್ಚದೆ, ಹಾಗೇ ಪಕ್ಕಕ್ಕೆ ಎತ್ತಿ ಕಟ್ಟಿ. ಗ್ಯಾಸ್ ಹೊರಬಿಡುವ ಅಗತ್ಯವೇ ಇಲ್ಲ.

4. ಹೀಟರ್ ಹೋಸ್ ಎರಡು, ಪೆಟ್ರೋಲ್ ಹೋಸ್‌ಗಳು, ಗೇರ್‌ಬಾಕ್ಸ್ ಹತ್ತಿರದ ದೊಡ್ಡ ಕನೆಕ್ಟರ್‌ಗಳು, ಅರ್ತ್ ವೈರ್, ಸ್ಟಾರ್ಟರ್, ಹಿಂದಿನ ಪಿಚ್ ಸ್ಟಾಪರ್ (ಇಂಜಿನ್ ಹಿಂದೆಮುಂದೆ ಓಲಾಡದಂತೆ ಹಿಡಿಯುವ ಸಣ್ಣ ಕಂಬಿ) ಬಿಚ್ಚಿ. ಪ್ರತಿಯೊಂದಕ್ಕೂ ಟೇಪ್ ಸುತ್ತಿ ಹೆಸರು ಬರೆಯಿರಿ.

5. ಎಕ್ಸಾಸ್ಟ್ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿರಿ. ಸ್ಟಡ್ ನಟ್ ಜತೆಗೇ ಬಂದರೆ ಚಿಂತೆ ಬೇಡ. ಹೆಡ್‌ನ ಥ್ರೆಡ್ ಕಿತ್ತು ಬಂದರೆ 10 ಮಿ.ಮೀ., 1.25 ಪಿಚ್‌ನ ಇನ್ಸರ್ಟ್ ಹಾಕಬೇಕು.

6. ಆಟೋಮ್ಯಾಟಿಕ್ ಆದರೆ ಥ್ರಾಟಲ್ ಬಾಡಿಯ ಕೆಳಗೆ, ಬೆಲ್ ಹೌಸಿಂಗ್ (ಗೇರ್‌ಬಾಕ್ಸ್ ಇಂಜಿನ್‌ಗೆ ಸೇರುವ ಗಂಟೆಯಾಕಾರದ ಭಾಗ) ಮೇಲಿರುವ ರಬ್ಬರ್ ಮುಚ್ಚಳ ತೆಗೆದು ಟಾರ್ಕ್ ಕನ್ವರ್ಟರಿನ (ಇಂಜಿನ್ ತಿರುಗುವಿಕೆಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ನಾಲ್ಕು ಬೋಲ್ಟ್ ಬಿಚ್ಚಿ. ಕ್ರ್ಯಾಂಕ್ ಬೋಲ್ಟಿಗೆ 22ರ ಸಾಕೆಟ್ ಹಾಕಿ ತಿರುಗಿಸುತ್ತಾ ಒಂದೊಂದನ್ನೇ ಬಾಯಿಗೆ ತರಬೇಕು. ಸಾಕೆಟಿನೊಳಗೆ ಸ್ವಲ್ಪ ಗ್ರೀಸ್ ಇಟ್ಟರೆ ಬೋಲ್ಟ್ ಅಂಟಿಕೊಂಡೇ ಬರುತ್ತದೆ. ಒಳಗೆ ಬಿದ್ದರೆ ಅಯಸ್ಕಾಂತ ಹಿಡಿದು ಹುಡುಕುವ ಕೆಲಸ.

7. ಕೆಳಗಿನ ಮೌಂಟ್ ನಟ್‌ಗಳನ್ನು ತೆಗೆದು ಗೇರ್‌ಬಾಕ್ಸ್‌ಗೆ ಜಾಕ್ ಕೊಡಿ. ಇಂಜಿನ್ ಎರಡು ಮೂರು ಸೆಂಟಿಮೀಟರ್ ಎತ್ತಿ, ಅಷ್ಟೇ ಜಾಕನ್ನೂ ಏರಿಸಿ, ಬೆಲ್ ಹೌಸಿಂಗ್ ಬೋಲ್ಟ್ ಬಿಚ್ಚಿ ಇಂಜಿನ್ನನ್ನು ಮುಂದಕ್ಕೆ ಎಳೆಯಿರಿ. ಕನ್ವರ್ಟರ್ ಗೇರ್‌ಬಾಕ್ಸಿನಲ್ಲೇ ಉಳಿಯಬೇಕು, ಇಂಜಿನ್ ಜತೆ ಬರಕೂಡದು. ರಸ್ತೆಗೆ ಉಪ್ಪು ಚೆಲ್ಲುವ ಊರಿನ ಕಾರಾದರೆ ಡೋವೆಲ್ ಪಿನ್‌ಗಳು (ಇಂಜಿನ್, ಗೇರ್‌ಬಾಕ್ಸ್ ಎರಡನ್ನೂ ನೇರಕ್ಕೆ ಹೊಂದಿಸುವ ಪಿನ್) ತುಕ್ಕಿಗೆ ಕಚ್ಚಿಕೊಂಡಿರುತ್ತವೆ. ಎಣ್ಣೆ ಹೊಡೆದು ಎಡ, ಬಲ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಅಲ್ಯೂಮಿನಿಯಂ ಮುಖಗಳ ನಡುವೆ ಉಳಿ ಹೊಡೆಯಬೇಡಿ.

ಹೆಡ್ ಕೆಲಸ

ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಉದ್ದಕ್ಕೂ ಮೂಲೆಯಿಂದ ಮೂಲೆಗೂ 0.05 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ. ತೂರಿದರೆ ಮಷಿನ್ ಶಾಪಿಗೆ ಕಳಿಸಿ. ಹಳೆಯ ಗ್ಯಾಸ್ಕೆಟ್ ತೆಗೆಯಲು ಡ್ರಿಲ್ಲಿಗೆ ಹಾಕುವ ಉಜ್ಜು ಡಿಸ್ಕ್ ಬಳಸಲೇಬೇಡಿ. ಅದರ ಪುಡಿ ಆಯಿಲ್ ದಾರಿ ಹಿಡಿದು ಬೇರಿಂಗ್ ತಿನ್ನುತ್ತದೆ, ಅಲ್ಯೂಮಿನಿಯಂನಲ್ಲಿ ಗುಳಿಯನ್ನೂ ಬೀಳಿಸುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್, ದ್ರಾವಕ, ತಾಳ್ಮೆ ಸಾಕು. ಬ್ಲಾಕಿನ ಬೋಲ್ಟ್ ರಂಧ್ರಗಳಲ್ಲಿ ಕೂಲೆಂಟ್, ಆಯಿಲ್ ನಿಂತಿರದಂತೆ ಗಾಳಿ ಹೊಡೆಯಿರಿ. ನಿಂತರೆ ಟಾರ್ಕ್ ಲೆಕ್ಕ ತಪ್ಪುತ್ತದೆ.

ಗ್ಯಾಸ್ಕೆಟ್ ಹಲವು ಪದರದ ಉಕ್ಕಿನದೇ ಆಗಿರಲಿ. ಸಿಂಗಲ್ ಕ್ಯಾಮ್ 2.5ಕ್ಕೆ ಕಂಪನಿಯ 11044ಎಎ770 ಸಂಖ್ಯೆಯದು ಹೊಂದುತ್ತದೆ. ಟರ್ಬೊ ಇಂಜಿನ್ನಿನ 11044ಎಎ642 ಹಾಕುವವರೂ ಬಹಳ ಮಂದಿ.

ಇಜೆ25ಡಿಗೆ ಬಿಗಿಯುವ ಕ್ರಮ ಹೀಗಿದೆ: ಬೋಲ್ಟಿನ ಥ್ರೆಡ್‌ಗೂ ವಾಷರ್‌ಗೂ ಆಯಿಲ್ ಸವರಿ, ಮಧ್ಯದಿಂದ ಹೊರಕ್ಕೆ ಹೋಗುತ್ತಾ ಎಲ್ಲವನ್ನೂ 29 ನ್ಯೂಟನ್ ಮೀಟರ್, ಆಮೇಲೆ 69. ನಂತರ 180 ಡಿಗ್ರಿ ಸಡಿಲಿಸಿ, ಇನ್ನೊಂದು 180 ಸಡಿಲಿಸಿ. ಈಗ ಮಧ್ಯದ ಎರಡಕ್ಕೆ 34, ಹೊರಗಿನ ನಾಲ್ಕಕ್ಕೆ 15. ಕೊನೆಯಲ್ಲಿ ಎಲ್ಲಕ್ಕೂ 80ರಿಂದ 90 ಡಿಗ್ರಿ, ಮತ್ತೊಮ್ಮೆ 80ರಿಂದ 90 ಡಿಗ್ರಿ. ಒಟ್ಟು 180 ಮೀರಬಾರದು. ಸಿಂಗಲ್ ಕ್ಯಾಮ್ 2.5ರ ಕೊನೆಯ ಹಂತಗಳು ಬೇರೆ. ಆ ವರ್ಷದ ಮ್ಯಾನ್ಯುಯಲ್ ಪ್ರಕಾರವೇ ಹೋಗಿ. ಅದರ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಮಾತ್ರ ಈಗಲೇ ನೋಡಿಬಿಡಿ: ತಣ್ಣಗಿದ್ದಾಗ ಇನ್‌ಟೇಕ್ 0.20, ಎಕ್ಸಾಸ್ಟ್ 0.25 ಮಿ.ಮೀ.

ಹೊರಗಿರುವಾಗಲೇ ಮುಗಿಸಬೇಕಾದ್ದು

ಇಂಜಿನ್ ಹಿಂಬದಿಯ ಆಯಿಲ್ ಸೆಪರೇಟರ್ ಪ್ಲೇಟ್ ಪ್ಲಾಸ್ಟಿಕ್ಕಿನದಾಗಿದ್ದರೆ ಎಸೆದು ಲೋಹದ್ದು ಹಾಕಿ. ಆಯಿಲ್ ಪಂಪ್ ಬಿಚ್ಚಿ ಹಿಂದಿನ ತಗಡಿನ ಸ್ಕ್ರೂಗಳನ್ನು ನೋಡಿ. ಅವು ತಾವಾಗಿ ಸಡಿಲಾಗುವುದು ಈ ಇಂಜಿನ್ನಿನ ಹಳೆಯ ರೋಗ. ಥ್ರೆಡ್ ಲಾಕ್ ಹಚ್ಚಿ ಬಿಗಿಯಿರಿ, ಪಂಪಿನ ಓ ರಿಂಗ್ ಬದಲಿಸಿ. ಕ್ಯಾಮ್ ಸೀಲ್, ಕ್ರ್ಯಾಂಕ್ ಮುಂದಿನ ಸೀಲ್, ವಾಲ್ವ್ ಕವರ್ ಗ್ಯಾಸ್ಕೆಟ್, ಪ್ಲಗ್, ವಾಟರ್ ಪಂಪ್ ಎಲ್ಲಕ್ಕೂ ಇದೇ ಹೊತ್ತು. ಕ್ರ್ಯಾಂಕ್ ಹಿಂದಿನ ಸೀಲ್ ಸೋರದೆ ಇದ್ದರೆ ಅದನ್ನು ಮುಟ್ಟದಿರುವುದೇ ಒಳ್ಳೆಯದು, ಹೊಸದನ್ನು ಓರೆಯಾಗಿ ಹೊಡೆದು ಸೋರಿಸಿಕೊಳ್ಳುವವರೇ ಹೆಚ್ಚು. ಥರ್ಮೋಸ್ಟಾಟ್ ಮಾತ್ರ ಕಂಪನಿಯದೇ ಇರಲಿ. ಕ್ಲಚ್ ಕಾರಾದರೆ ಫ್ಲೈವ್ಹೀಲ್‌ನ ಪೈಲಟ್ ಬೇರಿಂಗ್ ಬದಲಿಸಿ, ಫ್ಲೈವ್ಹೀಲ್ ಬೋಲ್ಟ್‌ಗೆ 72 ನ್ಯೂಟನ್ ಮೀಟರ್ ಕೊಡಿ.

ಟೈಮಿಂಗ್ ಬೆಲ್ಟ್: ಹೆಚ್ಚಿನವರು ಎಡವುವ ಜಾಗ

ಕ್ರ್ಯಾಂಕ್ ಸ್ಪ್ರಾಕೆಟ್ ಮುಖದ ಮೇಲೆ ಎದ್ದು ಕಾಣುವ ಬಾಣದ ಗುರುತಿದೆ. ಬೆಲ್ಟ್ ಹಾಕಲು ಅದು ಅಲ್ಲ. ಬಾಣ ತೋರಿಸುವುದು ಒಂದನೇ ಪಿಸ್ಟನ್ ತುದಿಗೆ ಬಂದ ಜಾಗವನ್ನು. ಬೆಲ್ಟ್ ಹಾಕಬೇಕಾದ್ದು ನಾಲ್ಕೂ ಪಿಸ್ಟನ್ ಅರ್ಧ ದಾರಿಯಲ್ಲಿ ನಿಂತಾಗ. ಅದಕ್ಕೆ ಸ್ಪ್ರಾಕೆಟಿನ ಹಿಂಭಾಗದ ಹಲ್ಲಿನ ಮೇಲೆ ಸಣ್ಣದೊಂದು ಗೀರಿದೆ. ಅದು ಆಯಿಲ್ ಪಂಪಿನ ಮೇಲಿನ ಗೀರಿಗೆ ನೇರವಾಗಬೇಕು. ಜಿಡ್ಡು ಒರೆಸಿ ಅದಕ್ಕೆ ಬಿಳಿ ಬಣ್ಣ ಹಚ್ಚಿಕೊಳ್ಳಿ. ಬಾಣ ನಂಬಿ ಬೆಲ್ಟ್ ಹಾಕಿದರೆ ಕ್ರ್ಯಾಂಕ್ 90 ಡಿಗ್ರಿ ತಪ್ಪಿರುತ್ತದೆ, 1996ರವರೆಗಿನ ಇಜೆ22 ಬಿಟ್ಟು ಉಳಿದವುಗಳಲ್ಲಿ ಸ್ಟಾರ್ಟರ್ ತಿರುಗಿಸಿದ ಕೂಡಲೇ ವಾಲ್ವ್ ಬಾಗುತ್ತದೆ.

ಸಿಂಗಲ್ ಕ್ಯಾಮ್ ಇಂಜಿನ್‌ನಲ್ಲಿ ಹಲ್ಲು ಎಣಿಸಿ ತಾಳೆ ನೋಡಬಹುದು: ಕ್ರ್ಯಾಂಕ್ ಗುರುತಿನಿಂದ ಎಡ ಕ್ಯಾಮ್ ಗುರುತಿಗೆ 44, ಬಲ ಕ್ಯಾಮ್‌ಗೆ 40.5. ಎಡಬಲ ಎಂದರೆ ಕಾರಿನೊಳಗೆ ಕುಳಿತವರ ಎಡಬಲ. ಡಬಲ್ ಕ್ಯಾಮ್‌ನಲ್ಲಿ ಎಡಗಡೆಯ ಎರಡೂ ಕ್ಯಾಮ್‌ಗಳು ವಾಲ್ವ್ ಸ್ಪ್ರಿಂಗಿನ ಒತ್ತಡದಲ್ಲಿ ನಿಂತಿರುತ್ತವೆ. ಕೈ ಜಾರಿದರೆ ಫಟ್ಟನೆ ತಿರುಗಿ ವಾಲ್ವ್‌ಗೆ ವಾಲ್ವೇ ಬಡಿಯುತ್ತದೆ. ಹಿಡಿಯುವ ಟೂಲ್ ಹಾಕಿಯೇ ಕೆಲಸ ಮಾಡಿ.

ಟೆನ್ಷನರನ್ನು (ಬೆಲ್ಟನ್ನು ಬಿಗಿಯಾಗಿಡುವ ಭಾಗ) ವೈಸಿನಲ್ಲಿ ನೆಟ್ಟಗೆ ನಿಲ್ಲಿಸಿ ಬಹಳ ನಿಧಾನವಾಗಿ ಒತ್ತಿ, ರಂಧ್ರ ಕಂಡಾಗ ತೆಳು ಪಿನ್ ತೂರಿಸಿ. ಅವಸರ ಮಾಡಿದರೆ ಒಳಗಿನ ಸೀಲ್ ಒಡೆಯುತ್ತದೆ. ಬೆಲ್ಟ್ ಹಾಕಿ ಪಿನ್ ಎಳೆದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಬೆಲ್ಟ್ ಮೇಲಿನ ಗೆರೆಗಳು ಈಗ ಹೊಂದುವುದಿಲ್ಲ, ಹೊಂದಲೂಬೇಕಿಲ್ಲ. ಸ್ಪ್ರಾಕೆಟ್ ಗೀರುಗಳು ಹೊಂದಿದರೆ ಸರಿ.

ಕ್ರ್ಯಾಂಕ್ ಪುಲ್ಲಿ ಬೋಲ್ಟ್ ವಿಷಯದಲ್ಲಿ ಉದಾಸೀನ ಬೇಡ. 2.5ರಲ್ಲಿ ಸುಮಾರು 177 ನ್ಯೂಟನ್ ಮೀಟರ್ ಬೇಕು. ಸಡಿಲಿದ್ದರೆ ಪುಲ್ಲಿ ಓಲಾಡಿ, ಅದು ಜಾರದಂತೆ ತಡೆಯುವ ಕೀ ಎಂಬ ಲೋಹದ ತುಂಡು ಕೂರುವ ಗಾಡಿ ಅಗಲವಾಗುತ್ತದೆ, ಆಮೇಲೆ ಕ್ರ್ಯಾಂಕ್‌ಶಾಫ್ಟೇ ಹಾಳು.

ಕೂರಿಸುವುದು, ಚಾಲೂ ಮಾಡುವುದು

ಆಟೋಮ್ಯಾಟಿಕ್ ಆದರೆ ಇಂಜಿನ್ ತರುವ ಮೊದಲು ಕನ್ವರ್ಟರನ್ನು ಒಳಕ್ಕೆ ಒತ್ತುತ್ತಾ ತಿರುಗಿಸಿ. ಅದು ಹಂತ ಹಂತವಾಗಿ ಟಕ್ ಎಂದು ಒಳಗೆ ಇಳಿಯಬೇಕು. ಪೂರ್ತಿ ಇಳಿಯದಿದ್ದರೆ ಇಂಜಿನ್ ಮತ್ತು ಬೆಲ್ ಹೌಸಿಂಗ್ ನಡುವೆ ಸಂದು ಉಳಿಯುತ್ತದೆ. ಆ ಸಂದನ್ನು ಬೋಲ್ಟ್ ಬಿಗಿದು ಮುಚ್ಚಲು ಹೋದರೆ ಗೇರ್‌ಬಾಕ್ಸಿನ ಆಯಿಲ್ ಪಂಪ್ ಪುಡಿಯಾಗುತ್ತದೆ. ಎರಡೂ ಮುಖಗಳು ಕೈ ಬಲಕ್ಕೇ ಕೂಡಬೇಕು. ಬೋಲ್ಟ್ ಬಿಗಿಯುವುದು ಆಮೇಲಿನ ಮಾತು. ಕೂಡಿದ ಮೇಲೆ ಫ್ಲೆಕ್ಸ್ ಪ್ಲೇಟಿಗೂ (ಕ್ರ್ಯಾಂಕ್‌ಗೆ ಕಟ್ಟಿದ, ಕನ್ವರ್ಟರ್ ಬೋಲ್ಟ್ ಆಗುವ ತಟ್ಟೆ) ಕನ್ವರ್ಟರಿಗೂ ನಡುವೆ ಸ್ವಲ್ಪ ಆಟ ಉಳಿದಿದ್ದರೆ ಸರಿಯಾಗಿ ಕೂತಿದೆ ಎಂದು ಅರ್ಥ.

ಕೂಲೆಂಟನ್ನು ಮೊದಲು ಮೇಲಿನ ರೇಡಿಯೇಟರ್ ಹೋಸ್ ಮೂಲಕ ಇಂಜಿನ್ ಕಡೆಗೇ ನಿಧಾನವಾಗಿ ಸುರಿಯಿರಿ, ಗಾಳಿ ಬಿಡುವ ಸ್ಕ್ರೂ ತೆರೆದಿರಲಿ. ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಸಮ ಪ್ರಮಾಣ. ಕಾರಿನ ಮೂತಿ ಎತ್ತರಕ್ಕಿದ್ದರೆ ಗಾಳಿ ಬೇಗ ಬರುತ್ತದೆ. ಒಳಗೆ ಗಾಳಿ ಸಿಕ್ಕಿಕೊಂಡರೆ ಹೊಸ ಗ್ಯಾಸ್ಕೆಟ್ ಹಾಕಿದ ಇಂಜಿನ್ನೂ ಮೊದಲ ಓಟದಲ್ಲೇ ಕಾದುಹೋಗುತ್ತದೆ.

ಇಂಧನದ ರಿಲೇ ತೆಗೆದು, ಆಯಿಲ್ ದೀಪ ಆರುವವರೆಗೆ ಹತ್ತು ಹತ್ತು ಸೆಕೆಂಡು ಸ್ಟಾರ್ಟರ್ ಹೊಡೆಯಿರಿ. ಆಮೇಲೆ ರಿಲೇ ಹಾಕಿ ಚಾಲೂ ಮಾಡಿ. ಹೈಡ್ರಾಲಿಕ್ ಲಿಫ್ಟರ್ ಇರುವ ಹಳೆಯ ಇಜೆ22 ಕೆಲವು ನಿಮಿಷ ಚಟಪಟ ಎನ್ನುತ್ತದೆ, ಆಯಿಲ್ ತುಂಬಿದಂತೆ ನಿಲ್ಲುತ್ತದೆ. ಹೀಟರ್ ಪೂರ್ತಿ ಬಿಸಿಗಿಟ್ಟು, ಎರಡೂ ರೇಡಿಯೇಟರ್ ಫ್ಯಾನ್‌ಗಳು ತಾವಾಗಿ ತಿರುಗಿ ನಿಲ್ಲುವುದನ್ನು ಎರಡು ಸಲವಾದರೂ ನೋಡಿ. ಗಾಳಿ ಬಿಸಿಯಾಗಿಯೇ ಬರುತ್ತಿದ್ದರೆ ಮುಚ್ಚಳ ಹಾಕಿ, ಸಣ್ಣ ಸುತ್ತು ಹೊಡೆದು ಬನ್ನಿ. ಮರುದಿನ ತಣ್ಣಗಿದ್ದಾಗ ರೇಡಿಯೇಟರ್ ತೆರೆದರೆ ಕೂಲೆಂಟ್ ಸ್ವಲ್ಪ ಇಳಿದಿರುತ್ತದೆ, ತುಂಬಿಸಿ. ಮೂರನೇ ದಿನವೂ ಇಳಿಯುತ್ತಲೇ ಇದ್ದರೆ ಮೊದಲು ಹೋಸ್ ಕ್ಲಿಪ್‌ಗಳನ್ನೂ ಥರ್ಮೋಸ್ಟಾಟ್ ಮುಚ್ಚಳವನ್ನೂ ಮುಟ್ಟಿ ನೋಡಿ, ಆಮೇಲೆ ಮತ್ತೊಮ್ಮೆ ನೀಲಿ ದ್ರವದ ಪರೀಕ್ಷೆ ಮಾಡಿ.