ಸಿನಿಮಾಗಳಲ್ಲಿ ಚದುರಿದ್ದ ಡಿಲನ್ ಹಾಡುಗಳನ್ನು ನಾನು ಆಲ್ಬಮ್ ಮಾಡಿಕೊಂಡದ್ದು

ಅಮೆರಿಕದ ಹಾಡುಗಾರ ಬಾಬ್ ಡಿಲನ್ ಅವರ 'ಲವ್ ಅಂಡ್ ಥೆಫ್ಟ್' ಆಲ್ಬಮ್ ಬಂದಿದ್ದು 2001ರಲ್ಲಿ. ಮುಂದಿನ ಸ್ಟುಡಿಯೋ ಆಲ್ಬಮ್ 'ಮಾಡರ್ನ್ ಟೈಮ್ಸ್' ಬರೋಕೆ 2006 ಆಯಿತು. ಆ ಮಧ್ಯೆ ಅವರು ಸುಮ್ನೆ ಕೂತಿರಲಿಲ್ಲ. ಸಿನಿಮಾಗಳಿಗೆ ಹಾಡು ಬರೆಯುತ್ತಿದ್ದರು. ಅದಕ್ಕೂ ಮೊದಲು, 2000ದಲ್ಲಿ ಬಂದ 'ವಂಡರ್ ಬಾಯ್ಸ್' ಚಿತ್ರಕ್ಕೆ ಬರೆದ 'ಥಿಂಗ್ಸ್ ಹ್ಯಾವ್ ಚೇಂಜ್ಡ್' ಹಾಡಿಗೆ ಆಸ್ಕರ್ ಬಂತು. ಆಮೇಲೆ 'ವೇಟಿನ್ ಫಾರ್ ಯೂ' 2002ರಲ್ಲಿ, 'ಕ್ರಾಸ್ ದ ಗ್ರೀನ್ ಮೌಂಟನ್' 2003ರಲ್ಲಿ, 'ಟೆಲ್ ಓಲ್ ಬಿಲ್' 2005ರಲ್ಲಿ, 'ಹಕ್ಸ್ ಟ್ಯೂನ್' 2007ರಲ್ಲಿ ಬಂದವು. ಐದು ಹಾಡು, ಐದು ಸಿನಿಮಾ. ಯಾವುದೂ ಅವರ ಸ್ಟುಡಿಯೋ ಆಲ್ಬಮ್‌ನಲ್ಲಿ ಇಲ್ಲ.

ಇವನ್ನು ಒಟ್ಟಿಗೆ ಕೇಳಬೇಕು ಅಂತ ನನಗೆ ಬಹಳ ಆಸೆ ಇತ್ತು. ಸೇರಿಸಿದರೆ ಅರ್ಧ ಗಂಟೆಗೂ ಸ್ವಲ್ಪ ಕಡಿಮೆ. ಇಷ್ಟು ಚಿಕ್ಕದಾ ಅನ್ನಿಸಿ, ಬೇರೆ ಬಿಡಿ ಹಾಡುಗಳನ್ನೂ ತುಂಬೋಣ ಅನ್ನೋ ಆಸೆ ಹುಟ್ಟುತ್ತದೆ. 'ರೆಡ್ ರಿವರ್ ಶೋರ್' ನನಗೆ ಪ್ರಾಣ. ಆದರೂ ಬಿಟ್ಟೆ. ಅದು 1997ರ 'ಟೈಮ್ ಔಟ್ ಆಫ್ ಮೈಂಡ್' ಹೊತ್ತಿನ ಹಾಡು. ಡೇನಿಯಲ್ ಲಾನ್ವಾ ನಿರ್ಮಾಣದ ಆ ರೆಕಾರ್ಡಿಂಗ್‌ಗಳಲ್ಲಿ ದನಿಯ ಸುತ್ತ ಒಂದು ಮಬ್ಬು ಇರುತ್ತದೆ. ಸಿನಿಮಾ ಹಾಡುಗಳಲ್ಲಿ ದನಿ ಕಿವಿಯ ಪಕ್ಕದಲ್ಲೇ ಇದ್ದ ಹಾಗಿದೆ. ಎರಡನ್ನೂ ಬೆರೆಸಿದರೆ ಅದು ಬರೀ ಸಂಗ್ರಹ ಆಗುತ್ತದೆ, ಆಲ್ಬಮ್ ಆಗುವುದಿಲ್ಲ.

2008ರಲ್ಲಿ 'ಟೆಲ್ ಟೇಲ್ ಸೈನ್ಸ್' ಸಂಗ್ರಹ ಬಂದಾಗ ಇವುಗಳಲ್ಲಿ ಕೆಲವು ಅದರಲ್ಲಿ ಸೇರಿದವು. 'ಟೆಲ್ ಓಲ್ ಬಿಲ್' ಮಾತ್ರ ಬೇರೆ ಟೇಕ್, ಅಂದರೆ ಇನ್ನೊಂದು ಸಲ ಹಾಡಿದ ರೆಕಾರ್ಡಿಂಗ್. ನಾನು ಸಿನಿಮಾದ್ದನ್ನೇ ಇಟ್ಟುಕೊಂಡೆ. ನನ್ನ ಆಲ್ಬಮ್‌ನ ನಿಯಮವೇ ಅದು ಅಲ್ವಾ.

ಜಾಸ್ತಿ ತಲೆ ಕೆಡಿಸಿದ್ದು ಹಾಡುಗಳ ಸಾಲು. ವರ್ಷದ ಪ್ರಕಾರ ಜೋಡಿಸಿದರೆ ಎಂಟು ನಿಮಿಷಕ್ಕೂ ಮೀರಿದ 'ಕ್ರಾಸ್ ದ ಗ್ರೀನ್ ಮೌಂಟನ್' ನಡುವೆ ಬರುತ್ತದೆ. ಅದು ಅಮೆರಿಕದ ಅಂತರ್ಯುದ್ಧದ ಹಾಡು. ಅದರಲ್ಲೊಂದು ಕಡೆ ತಾಯಿಗೆ ಕಾಗದ ಬರುತ್ತದೆ. ಮಗನಿಗೆ ಎದೆಗೆ ಗುಂಡು ತಾಗಿದೆ, ಆಸ್ಪತ್ರೆಯಲ್ಲಿದ್ದಾನೆ, ಬೇಗ ಹುಷಾರಾಗುತ್ತಾನೆ ಅಂತ. ಮರುಸಾಲಿನಲ್ಲೇ ಡಿಲನ್ ಹೇಳಿಬಿಡುತ್ತಾರೆ, ಅವನು ಆಗಲೇ ಸತ್ತಿದ್ದಾನೆ ಅಂತ. ದನಿ ಒಂಚೂರೂ ಏರುವುದಿಲ್ಲ. ಇದಾದ ಮೇಲೆ ಇನ್ಯಾವ ಹಾಡನ್ನು ಹಾಕೋದು? ಹಾಗಾಗಿ ಅದನ್ನು ಕೊನೆಗಿಟ್ಟೆ. 'ಥಿಂಗ್ಸ್ ಹ್ಯಾವ್ ಚೇಂಜ್ಡ್' ಶುರುವಿಗೆ, ಅದರ ನಡಿಗೆಯ ಬೀಸಿಗಾಗಿ. ಎರಡನೆಯದು ವಾಲ್ಟ್ಸ್ ಲಯದ 'ವೇಟಿನ್ ಫಾರ್ ಯೂ'. ಆಮೇಲೆ 'ಟೆಲ್ ಓಲ್ ಬಿಲ್', 'ಹಕ್ಸ್ ಟ್ಯೂನ್'.

ಸಿಡಿಗಳಿಂದ ಹಾಡುಗಳನ್ನು ಫ್ಲ್ಯಾಕ್ ಫೈಲ್ ಮಾಡಿಕೊಂಡೆ. ಅದರಲ್ಲಿ ಸದ್ದು ಏನೂ ಕಳೆಯುವುದಿಲ್ಲ. ಎಂಪಿ3ಯನ್ನು ತಿದ್ದಿ ಮತ್ತೆ ಎಂಪಿ3 ಆಗಿಯೇ ಉಳಿಸಿದರೆ ಪ್ರತಿ ಸಲ ಸದ್ದು ಇನ್ನಷ್ಟು ಕಳೆದುಹೋಗುತ್ತದೆ. ಒಂದೊಂದು ಡಿಸ್ಕ್‌ನ ಮಾಸ್ಟರಿಂಗ್ (ಕೊನೆಯಲ್ಲಿ ಸದ್ದನ್ನು ಹದ ಮಾಡುವ ಕೆಲಸ) ಒಂದೊಂದು ಥರ ಇರೋದರಿಂದ ವಾಲ್ಯೂಮ್ ಸರಿಮಾಡುವ ಕೆಲಸ ಇದ್ದೇ ಇರುತ್ತದೆ. ಸದ್ದು ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ಎಲ್ಲ ಹಾಡಿನ ವಾಲ್ಯೂಮನ್ನೂ ಒಂದೇ ಅಂಕಿಗೆ ತರುವ ಸೌಲಭ್ಯ ಇದೆ. ನಾನು ಅದನ್ನು ಬಳಸಲಿಲ್ಲ. ಹಾಗೆ ಮಾಡಿದರೆ ಮೆಲ್ಲಗಿರಬೇಕಾದ ಹಾಡೂ ಜೋರಾಗುತ್ತದೆ. ಬದಲಿಗೆ ಡಿಲನ್ ದನಿ ಎಲ್ಲ ಹಾಡಿನಲ್ಲೂ ಅಷ್ಟೇ ಹತ್ತಿರ ಕೇಳಬೇಕು ಅನ್ನೋದನ್ನು ಅಳತೆಗೋಲು ಮಾಡಿಕೊಂಡು, ಕಿವಿಯಿಂದಲೇ ಹೊಂದಿಸಿದೆ. ಮೆತ್ತಗಿದ್ದದ್ದನ್ನು ಏರಿಸಲಿಲ್ಲ, ಜೋರಾಗಿದ್ದದ್ದನ್ನು ಇಳಿಸಿದೆ. ಏರಿಸಲು ಹೋದರೆ ಸದ್ದು ಮಿತಿ ದಾಟಿ ಒಡೆಯುವ ಅಪಾಯ ಇದೆ.

ಹಾಡುಗಳ ನಡುವಿನ ಮೌನವನ್ನೂ ಹಾಗೇ ಕೇಳಿಕೊಂಡು ಇಟ್ಟೆ. ಕೊನೆಯ ಹಾಡಿನ ಮುಂಚೆ ಮಾತ್ರ ಸ್ವಲ್ಪ ಜಾಸ್ತಿ.

ಉಳಿದದ್ದು ಟ್ಯಾಗ್ ಕೆಲಸ, ಅಂದರೆ ಫೈಲ್ ಒಳಗೆ ಹಾಡಿನ ವಿವರ ಬರೆಯೋದು. ಇದನ್ನು ಮಾಡದಿದ್ದರೆ ಫೋನಿನಲ್ಲಿ ಐದು ಹಾಡು ಐದು ಸಿನಿಮಾದ ಹೆಸರಲ್ಲಿ ಮತ್ತೆ ಚದುರಿಹೋಗುತ್ತವೆ. ಎಲ್ಲಕ್ಕೂ ಒಂದೇ ಆಲ್ಬಮ್ ಹೆಸರು, ಆಲ್ಬಮ್ ಕಲಾವಿದರ ಜಾಗದಲ್ಲಿ ಡಿಲನ್, ಆಮೇಲೆ ಹಾಡಿನ ಕ್ರಮಸಂಖ್ಯೆ. ಮೂಲ ಸಿನಿಮಾದ ಹೆಸರು ಮತ್ತು ವರ್ಷವನ್ನು ಕಾಮೆಂಟ್ ಜಾಗದಲ್ಲಿ ಬರೆದಿಟ್ಟಿದ್ದೇನೆ. ಯಾವ ಹಾಡು ಎಲ್ಲಿಂದ ಬಂತು ಅಂತ ಫೈಲ್ ತೆರೆದರೇ ಗೊತ್ತಾಗುತ್ತದೆ.