ಸುದ್ದಿಯ ಇಂಗ್ಲಿಷ್: ನಾನು ಕಲಿತ ಬಗೆ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಪತ್ರಿಕೆ ತೊಡಕಾಗುವುದು ದೊಡ್ಡ ಪದಗಳಿಂದಲ್ಲ. ಎಲೆಕ್ಷನ್, ಬಜೆಟ್, ಕ್ಯಾಬಿನೆಟ್ ನಮ್ಮ ಬಾಯಲ್ಲಿ ದಿನಾ ಓಡಾಡುತ್ತವೆ. ಕಾಲಿಗೆ ತೊಡರುವುದು ‘ನಾಡ್’ (ಒಪ್ಪಿಗೆ), ‘ಹೆಲ್ಡ್’ (ಬಂಧನ), ‘ಪ್ರೋಬ್’ (ತನಿಖೆ), ‘ರೌ’ (ವಿವಾದ) ಇಂಥ ಚೋಟುದ್ದದ ಪದಗಳು. ಅದಕ್ಕೇ ನಾನು ಪಾಠಪುಸ್ತಕದ ಪದಪಟ್ಟಿ ಬಿಟ್ಟು ತಲೆಬರಹದಿಂದ ಶುರು ಮಾಡಿದೆ.

ಬೆಳಿಗ್ಗೆ ಕನ್ನಡ ಪತ್ರಿಕೆಯ ಒಂದು ಸುದ್ದಿಯನ್ನು ಪೂರ್ತಿ ಓದಿ, ಅದೇ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಹುಡುಕಿ ಓದುತ್ತೇನೆ. ಏನಾಯಿತು ಎಂಬುದು ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಅದನ್ನು ಹೇಳಿದ ರೀತಿಯ ಮೇಲಿರುತ್ತದೆ. ದಿನಕ್ಕೆ ಒಂದು ಸುದ್ದಿ, ಐದು ಪದ, ಅಷ್ಟೇ. ಹೆಚ್ಚು ಬರೆದುಕೊಂಡರೆ ಪುಸ್ತಕ ತುಂಬುತ್ತದೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ. ಮೊದಮೊದಲು ರಾಜ್ಯದ ಸುದ್ದಿಯೇ ಆಗಲಿ: ಹೈಕೋರ್ಟ್, ವಿಧಾನಸಭೆ, ಕಾವೇರಿ ನೀರು.

ತಲೆಬರಹಕ್ಕೆ ಅದರದೇ ವ್ಯಾಕರಣವಿದೆ. ‘ತ್ರೀ ಹೆಲ್ಡ್ ಇನ್ ಥೆಫ್ಟ್ ಕೇಸ್’ ಎಂದರೆ ಮೂವರ ಬಂಧನ. ಜಾಗ ಉಳಿಸಲು ‘ವರ್’ ಬಿಟ್ಟಿದ್ದಾರೆ. ಅದು ತಿಳಿಯದಿದ್ದರೆ ಮೂವರು ಸೇರಿ ಯಾರನ್ನೋ ಹಿಡಿದರು ಎಂದು ಉಲ್ಟಾ ಅರ್ಥವಾಗುತ್ತದೆ. ‘ಸಿಎಂ ಟು ವಿಸಿಟ್ ಮೈಸೂರು’ ಎಂದಿದ್ದರೆ ಇನ್ನು ಮುಂದೆ ನಡೆಯುವುದು. ‘ಎಚ್‌ಸಿ ಸ್ಟೇಸ್ ಆರ್ಡರ್’ ವರ್ತಮಾನದಲ್ಲಿದ್ದರೂ ತಡೆಯಾಜ್ಞೆ ಬಂದದ್ದು ನಿನ್ನೆ. ಹಾಗೆಂದು ಮಾತಾಡುವಾಗ ಇದೇ ಧಾಟಿ ನಡೆಯುವುದಿಲ್ಲ: ‘ದ ಹೈಕೋರ್ಟ್ ಸ್ಟೇಡ್ ದಿ ಆರ್ಡರ್ ಯೆಸ್ಟರ್‌ಡೇ’ ಎನ್ನಬೇಕು. ಆಯ್ದುಕೊಂಡ ತಲೆಬರಹವನ್ನು ಹೀಗೆ ಪೂರ್ಣ ವಾಕ್ಯವಾಗಿ ಬಿಡಿಸಿ ಬರೆಯುವುದೇ ನನ್ನ ಮುಖ್ಯ ಅಭ್ಯಾಸ. ವ್ಯಾಕರಣ, ಪದ ಎರಡೂ ಒಟ್ಟಿಗೆ ಕೂರುತ್ತವೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಸುದ್ದಿ ಎಷ್ಟು ಖಚಿತ ಎಂದು ಹೇಳುವ ಪದಗಳಲ್ಲಿ. ‘ಅಕ್ಯೂಸ್ಡ್’ ಆರೋಪಿ, ‘ಕನ್ವಿಕ್ಟ್’ ನ್ಯಾಯಾಲಯ ತಪ್ಪಿತಸ್ಥನೆಂದು ತೀರ್ಮಾನಿಸಿದವನು. ಇವೆರಡನ್ನು ಅದಲುಬದಲು ಮಾಡಿದರೆ ವಿಚಾರಣೆ ಮುಗಿಯುವ ಮೊದಲೇ ಒಬ್ಬನನ್ನು ಅಪರಾಧಿ ಮಾಡಿದಂತೆ. ‘ಅಲೆಜೆಡ್ಲಿ’ ಎಂದರೆ ಯಾರೋ ಆರೋಪಿಸಿದ್ದಾರೆ, ಸಾಬೀತಾಗಿಲ್ಲ. ‘ರಿಪೋರ್ಟೆಡ್ಲಿ’ ಎಂದರೆ ಹಾಗೆಂದು ವರದಿಯಿದೆ, ಬರೆದವರು ತಾವಾಗಿ ಖಚಿತಪಡಿಸಿಲ್ಲ. ‘ಡಿನೈ’ ಎಂದರೆ ಅಲ್ಲಗಳೆಯುವುದು, ‘ರಿಫ್ಯೂಟ್’ ಎಂದರೆ ಪುರಾವೆ ಕೊಟ್ಟು ಸುಳ್ಳೆಂದು ತೋರಿಸುವುದು. ಪತ್ರಿಕೆಗಳೇ ಇವನ್ನು ಬೆರೆಸುವುದುಂಟು, ನಾನು ಮಾತ್ರ ಬೇರೆಬೇರೆಯಾಗಿಯೇ ಬಳಸುತ್ತೇನೆ. ಕೋರ್ಟ್ ಸುದ್ದಿಯಲ್ಲಿ ‘ಸ್ಟೇ’ ತಾತ್ಕಾಲಿಕ ತಡೆ, ‘ಕ್ವಾಶ್’ ಪೂರ್ತಿ ರದ್ದು. ತಲೆಬರಹದಲ್ಲಿ ಕೋಲನ್ ಚಿಹ್ನೆಯ ನಂತರ ‘ಮಿನಿಸ್ಟರ್’ ಎಂದಿದ್ದರೆ ಚಿಹ್ನೆಗೆ ಮೊದಲು ಬಂದ ಮಾತು ಸಚಿವರದು, ಪತ್ರಿಕೆಯದಲ್ಲ.

ಕೆಲವು ಪದಗಳಿಗೆ ಊರಿಗೊಂದು ಅರ್ಥ. ನಮ್ಮಲ್ಲಿ, ಬ್ರಿಟನ್ನಿನಲ್ಲಿ ಮಸೂದೆಯನ್ನು ‘ಟೇಬಲ್’ ಮಾಡುವುದೆಂದರೆ ಸದನದ ಮುಂದಿಡುವುದು, ಅಮೆರಿಕದಲ್ಲಿ ಪಕ್ಕಕ್ಕಿಡುವುದು. ಇಲ್ಲಿನ ತಲೆಬರಹದ ‘ಮೂಟ್ಸ್’ ಪ್ರಸ್ತಾಪಿಸಿದ್ದನ್ನು ಹೇಳುತ್ತದೆ. ಅಮೆರಿಕದವರು ‘ಮೂಟ್’ ಎಂದರೆ ಆ ಪ್ರಶ್ನೆಗೆ ಈಗ ಅರ್ಥವೇ ಉಳಿದಿಲ್ಲ ಎಂದು. ‘ಸ್ಯಾಂಕ್ಷನ್’ ಅನುದಾನದ ಸುದ್ದಿಯಲ್ಲಿ ಮಂಜೂರಾತಿ, ವಿದೇಶಾಂಗ ಸುದ್ದಿಯಲ್ಲಿ ನಿರ್ಬಂಧ. ಹಾಗಾಗಿ ಪದದ ಪಕ್ಕ ಅದು ಸಿಕ್ಕ ವಾಕ್ಯವನ್ನೂ ಬರೆಯುತ್ತೇನೆ. ಬರೀ ಅರ್ಥ ಬರೆದಿಟ್ಟ ಪುಟ ಕೆಲಸಕ್ಕೆ ಬರುವುದಿಲ್ಲ.

ಉಚ್ಚಾರಣೆಗೆ ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಸಾಕು. ವಿವಾದ ಎಂಬರ್ಥದ್ದು ‘ರೌ’, ಸಾಲು ಎಂಬರ್ಥದ್ದು ‘ರೋ’; ಬರವಣಿಗೆ ಒಂದೇ. ಅಶ್ರುವಾಯು ‘ಟಿಯರ್ ಗ್ಯಾಸ್’, ‘ಟೇರ್’ ಅಲ್ಲ.

ಇನ್ನು ಮಾತು. ‘ಪೇಪರ್‌ನಲ್ಲಿ ಬಂದಿದೆ’ ಎಂಬುದನ್ನು ಹಾಗೇ ಎತ್ತಿ ‘ಇಟ್ ಹ್ಯಾಸ್ ಕಮ್ ಇನ್ ದ ಪೇಪರ್’ ಎನ್ನುವ ಚಟ ನಮ್ಮಲ್ಲಿ ಬಲವಾಗಿದೆ. ‘ಇಟ್ ವಾಸ್ ಇನ್ ದ ಪೇಪರ್’ ಸಾಕು. ಪೇಪರ್‌ಗೆ ‘ಇನ್’, ಟಿವಿಗೂ ರೇಡಿಯೊಗೂ ‘ಆನ್’. ‘ಎ ನ್ಯೂಸ್’ ಎಂಬುದಿಲ್ಲ. ‘ಎ ಪೀಸ್ ಆಫ್ ನ್ಯೂಸ್’ ಅಥವಾ ‘ಎ ನ್ಯೂಸ್ ಸ್ಟೋರಿ’, ಮತ್ತು ‘ದ ನ್ಯೂಸ್ ಇಸ್’, ‘ಆರ್’ ಅಲ್ಲ. ಸುದ್ದಿ ‘ಬ್ರೇಕ್’ ಆಗುತ್ತದೆ, ವರದಿಗಾರ ಅದನ್ನು ‘ಕವರ್’ ಮಾಡಿ ವರದಿ ‘ಫೈಲ್’ ಮಾಡುತ್ತಾನೆ, ಪತ್ರಿಕೆ ‘ಕ್ಯಾರಿ’ ಅಥವಾ ‘ರನ್’ ಮಾಡುತ್ತದೆ, ತಪ್ಪಿದ್ದರೆ ‘ರಿಟ್ರ್ಯಾಕ್ಟ್’ ಮಾಡುತ್ತದೆ. ಈ ಕ್ರಿಯಾಪದಗಳು ನಾಲಿಗೆಗೆ ಹತ್ತಿದರೆ ಮಾತು ತಾನಾಗಿ ಹರಿಯುತ್ತದೆ.

‘ಎಡಿಟೋರಿಯಲ್’ ಪತ್ರಿಕೆಯ ನಿಲುವು, ಸಾಮಾನ್ಯವಾಗಿ ಹೆಸರಿಲ್ಲದೆ ಬರುತ್ತದೆ. ‘ಆಪ್-ಎಡ್’ ಸಂಪಾದಕೀಯ ಪುಟದ ಎದುರು ಪುಟದ ಬರಹ, ಲೇಖಕರ ಹೆಸರಿನೊಂದಿಗೆ. ನ್ಯೂಯಾರ್ಕ್ ಟೈಮ್ಸ್ ಇಂಥ ಪುಟ ಆರಂಭಿಸಿದ್ದು 1970ರಲ್ಲಿ. ಆಪ್-ಎಡ್‌ನ ಮಾತನ್ನು ‘ದ ಪೇಪರ್ ಸೇಸ್’ ಎಂದು ಉಲ್ಲೇಖಿಸಬಾರದು, ಲೇಖಕರ ಹೆಸರು ಹೇಳಬೇಕು.

ಸಂಜೆ ಪುಸ್ತಕ ಮುಚ್ಚಿ ಅದೇ ಸುದ್ದಿಯನ್ನು ನಾಲ್ಕು ವಾಕ್ಯದಲ್ಲಿ ಮೊಬೈಲಿಗೆ ಹೇಳಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ: ಏನಾಯಿತು, ಎಲ್ಲಿ ಮತ್ತು ಯಾವಾಗ, ಯಾರು ಹಾಗೆ ಹೇಳಿದರು, ಮುಂದೇನು. ಮೂರನೆಯದರಲ್ಲಿ ‘ಅಕಾರ್ಡಿಂಗ್ ಟು ದ ಪೊಲೀಸ್’ ಥರದ ಮಾತು ಇರಲೇಬೇಕು. ‘ಅಕಾರ್ಡಿಂಗ್ ಟು ಮಿ’ ಮಾತ್ರ ಬೇಡ, ಸ್ವಂತ ಅಭಿಪ್ರಾಯಕ್ಕೆ ‘ಇನ್ ಮೈ ಒಪಿನಿಯನ್’. ಆಮೇಲೆ ರೆಕಾರ್ಡಿಂಗ್ ಕೇಳುತ್ತ ಬೆಳಗಿನ ಐದು ಪದಗಳಲ್ಲಿ ಬಂದವಕ್ಕೆ ಗುರುತು ಹಾಕುತ್ತೇನೆ. ಬಾರದವು ನಾಳೆಯ ಐದರಲ್ಲಿ ಮೊದಲು ಸೇರುತ್ತವೆ.