ತುದಿಯಿಂದ ಬುಡಕ್ಕೆ: ಮಗಳ ಪಿಯುಸಿ ಕಾಂಬಿನೇಷನ್ ಆರಿಸಿದ ನನ್ನ ಅನುಭವ

ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಮೊದಲ ಹಂತದ ಪರೀಕ್ಷೆ, ಸಿಎ ಫೌಂಡೇಶನ್, ಮಗಳು ಮೊದಲ ಸಲಕ್ಕೇ ಪಾಸಾದಳು. ಇದನ್ನು ಬರೆಯಲು ಎರಡು ವರ್ಷ ಕಾದಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 590ರ ಆಸುಪಾಸು ತೆಗೆದವಳನ್ನು ಕಾಮರ್ಸಿಗೆ ಸೇರಿಸಿದಾಗ ನಮ್ಮ ಮಾವನವರು ಒಂದು ತಿಂಗಳು ಸರಿಯಾಗಿ ಮಾತೇ ಆಡಿರಲಿಲ್ಲ. "ಇಷ್ಟು ಮಾರ್ಕ್ಸ್ ಬಂದ ಮೇಲೂ ಸೈನ್ಸ್ ಬೇಡ್ವಾ?" ಅಂತ ಎಲ್ಲರದ್ದೂ ಒಂದೇ ಪ್ರಶ್ನೆ.

ಮಗನ ವಿಷಯದಲ್ಲಿ ಎಡವಿದ್ದೆ. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಆದರೆ ಡಾಕ್ಟರು, ಇಂಜಿನಿಯರು ಎರಡೂ ದಾರಿ ತೆರೆದಿರುತ್ತೆ ಅಂತ ನಂಬಿದ್ದೆ. ಕೋಚಿಂಗ್ ಇರುವ ಕಾಲೇಜಿಗೆ ಎರಡು ವರ್ಷಕ್ಕೆ ಸುಮಾರು 2.4 ಲಕ್ಷ ಕಟ್ಟಿದೆ. ಮೆಡಿಕಲ್ ಸೀಟಿಗೆ ಬರೆಯುವ ನೀಟ್ ಆಗಲಿಲ್ಲ. ರಿಪೀಟರ್ ಬ್ಯಾಚಿಗೆ ಇನ್ನೊಂದು ಲಕ್ಷ ಚಿಲ್ಲರೆ. ಆಗಲೂ ಆಗಲಿಲ್ಲ. ಆಮೇಲೆ ಒಂದು ದಿನ ರದ್ದಿಗೆ ಹಾಕಲು ಅವನ ಬಯಾಲಜಿ ನೋಟ್ಸ್ ತೆಗೆದೆ. ಹೃದಯದ ಚಿತ್ರಕ್ಕೆ ಅರ್ಧ ಹೆಸರು ಬರೆದು ಬಿಟ್ಟಿದ್ದ. ಹಿಂದಿನ ಹತ್ತು ಹನ್ನೆರಡು ಹಾಳೆ ಪೂರ್ತಿ ಗಣಿತದ ಇಂಟಿಗ್ರೇಷನ್ ಲೆಕ್ಕ. ನೀಟ್‌ನ 720ರಲ್ಲಿ 360 ಅಂಕ ಬಯಾಲಜಿಯದ್ದೇ ಅಲ್ವಾ? ಆ ನೋಟ್‌ಬುಕ್ ಎರಡು ವರ್ಷ ಮನೆಯಲ್ಲೇ ಇತ್ತು. ಈಗ ಇಂಜಿನಿಯರಿಂಗ್‌ನಲ್ಲಿ ಚೆನ್ನಾಗಿದ್ದಾನೆ, ರಿಪೀಟರ್ ಬ್ಯಾಚಿನ ಆ ಒಂದು ವರ್ಷ ಮಾತ್ರ ವ್ಯರ್ಥವಾಯಿತು.

ಮಗಳಿಗೆ ತುದಿಯಿಂದ ಶುರು ಮಾಡಿದೆವು. ಪಿಯುಸಿ ಆದಮೇಲೆ ಸೇರಬಹುದಾದ ಎಂಟು ಕೋರ್ಸ್ ಆರಿಸಿ, ಪ್ರತಿಯೊಂದರ ಅರ್ಹತೆಯ ಪುಟ ಮಾತ್ರ ಓದಿ ಡ್ರಾಯಿಂಗ್ ಶೀಟ್ ಮೇಲೆ ಬರೆದೆವು. ಯಾವ ವಿಷಯ ಬಿಟ್ಟರೆ ಯಾವ ದಾರಿ ಮುಚ್ಚುತ್ತೆ ಅನ್ನುವುದಕ್ಕೆ ಕೆಂಪು ಗೆರೆ. ಸಿಎಗೂ, ಕಾನೂನು ಕೋರ್ಸಿನ ಪ್ರವೇಶ ಪರೀಕ್ಷೆ ಕ್ಲ್ಯಾಟ್‌ಗೂ ಯಾವ ಕಾಂಬಿನೇಷನ್ ಆದರೂ ನಡೆಯುತ್ತೆ. ಗಣಿತ ಬಿಟ್ಟರೆ ಇಂಜಿನಿಯರಿಂಗ್ ಇಲ್ಲ. ಅದನ್ನು ಅವಳ ಕೈಯಲ್ಲೇ ಬರೆಸಿದೆ.

ಬೇಸಿಗೆ ರಜೆಯಲ್ಲಿ ಫಸ್ಟ್ ಪಿಯು ಪುಸ್ತಕಗಳನ್ನು ಪರಿಚಯದವರಿಂದ ತಂದೆ. ಒಂದು ವಿಷಯಕ್ಕೆ ನಾಲ್ಕು ದಿನ, ಒಂದೇ ಪಾಠ, ಯಾರೂ ಹೇಳಿಕೊಡುವ ಹಾಗಿಲ್ಲ. ಫಿಸಿಕ್ಸ್ ಅರ್ಥವಾಯಿತು, ಆದರೆ ಮೂರನೇ ದಿನದಿಂದ ಪುಸ್ತಕ ಮುಟ್ಟಲಿಲ್ಲ. ಸ್ಟಾಟಿಸ್ಟಿಕ್ಸ್‌ಗೆ ಬಂದಾಗ ವರ್ಷದ ಕರೆಂಟ್ ಬಿಲ್ಲುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ಯಾವ ತಿಂಗಳು ಸರಾಸರಿಗಿಂತ ಎಷ್ಟು ಜಾಸ್ತಿ ಅಂತ ಲೆಕ್ಕ ಹಾಕುತ್ತಾ ಕೂತಿದ್ದಳು. ಯಾರೂ ಹೇಳಿರಲಿಲ್ಲ. ನನಗೆ ಅಷ್ಟು ಸಾಕಾಯಿತು. ಫೌಂಡೇಶನ್‌ನ ಕ್ವಾಂಟಿಟೇಟಿವ್ ಆಪ್ಟಿಟ್ಯೂಡ್ ಪೇಪರಿನಲ್ಲೂ ಸ್ಟಾಟಿಸ್ಟಿಕ್ಸ್ ಇದೆ. ಹಾಗಾಗಿ ಎಸ್‌ಇಬಿಎ, ಅಂದರೆ ಸ್ಟಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ.

ನಡುವೆ 3,500 ರೂಪಾಯಿ ಕೊಟ್ಟು ಒಂದು ಆಪ್ಟಿಟ್ಯೂಡ್ ಟೆಸ್ಟನ್ನೂ ಮಾಡಿಸಿದೆ. ನಲವತ್ತು ಪುಟದ ವರದಿ ಬಂತು. ಅದರಲ್ಲಿ ಹದಿನಾಲ್ಕು ವೃತ್ತಿ "ಸೂಕ್ತ" ಅಂತಿತ್ತು. ಸುಮ್ನೆ ದುಡ್ಡು ದಂಡ.

ಕಾಲೇಜು ಹುಡುಕುವುದೇ ಕಷ್ಟವಾಯಿತು. ಒಂದು ಕಡೆ ಅರ್ಜಿಯಲ್ಲಿ ಎಸ್‌ಇಬಿಎ ಇದೆ, ಸ್ಟಾಟಿಸ್ಟಿಕ್ಸ್ ಪಾಠ ಮಾಡುವವರೇ ಇಲ್ಲ. ಅರ್ಜಿಗೆ ಕೊಟ್ಟ 500 ವಾಪಸ್ ಬರಲಿಲ್ಲ. ಆಮೇಲೆ ಹೋದಲ್ಲೆಲ್ಲ ಆಫೀಸಿನವರನ್ನು ಬಿಟ್ಟು ಸೆಕೆಂಡ್ ಪಿಯು ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತಿದ್ದೆ. ಆ ಪ್ರಶ್ನೆ ನನ್ನಲ್ಲೇ ಇರಲಿ. ಐದು ಕಾಲೇಜುಗಳಲ್ಲಿ ಒಂದೇ ಉಳಿಯಿತು.

ಅಲ್ಲಿ ಎರಡು ವರ್ಷಕ್ಕೆ 75 ಸಾವಿರದ ಹತ್ತಿರ ಆಯಿತು. ಫೌಂಡೇಶನ್ ನೋಂದಣಿ, ಪರೀಕ್ಷೆ ಎಲ್ಲ ಸೇರಿ 11-12 ಸಾವಿರ. ಮೊನ್ನೆ ಮಾವನವರೇ ಫೋನ್ ಮಾಡಿದ್ದರು. ನೆಂಟರ ಹುಡುಗನೊಬ್ಬ ಹತ್ತನೇ ಕ್ಲಾಸಿನಲ್ಲಿದ್ದಾನೆ, ಆ ಡ್ರಾಯಿಂಗ್ ಶೀಟ್ ಇನ್ನೂ ಇದೆಯಾ ಅಂತ ಕೇಳಿದರು.